ಹತ್ತರಿಂದ ಭಾಗಿಸಿ ಕೇಳಿ

ನನ್ನ ಗಂಟಲಿನ ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತರೆ ಕಥೆಗೇ ನಷ್ಟ. ನಾನು ಬಸ್ ನಿಲ್ದಾಣದ ಹತ್ತಿರ ಒಮ್ಮೆ ಕೆಮ್ಮಿದರೆ ಗಡಿಯಾರದ ಗೋಪುರದ ಪಾರಿವಾಳಗಳು ಎದ್ದು ಪಕ್ಕದೂರಿಗೆ ಹೋಗಿ, ಅಲ್ಲೇ ಮೊಟ್ಟೆಯಿಟ್ಟು ಸಂಸಾರ ಹೂಡುತ್ತವೆ. ಇಂಥ ಗಂಟಲಿಗೆ ಮೈಕು ಯಾಕೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೂ ಊರ ಸಭಾಭವನದವರು ನನ್ನ ಹಳದಿ ವ್ಯಾನಿನ ನೆತ್ತಿಯ ಮೇಲೆ ಎರಡು ಸ್ಪೀಕರ್ ಕೂರಿಸಿದ್ದಾರೆ. ಆನೆಗೆ ಅಂಬಾರಿ ಬೇಕೋ ಬೇಡವೋ, ಇದ್ದರೆ ಒಂದು ಶೋಭೆ ಅಂತ.

ಕೆಲಸ ಇಷ್ಟೇ: ಭವನದಲ್ಲಿ, ಮೈದಾನದಲ್ಲಿ ಮುಂದೆ ಏನೇನು ನಡೆಯಲಿದೆ ಎಂದು ಬೀದಿ ಬೀದಿ ಸುತ್ತಿ ಸಾರುವುದು. ಕೆಲವರಿಗೆ ಸಾರುವುದೆಂದರೆ ವಾರ, ಹೊತ್ತು, ಜಾಗ ಹೇಳಿ ಮುಗಿಸುವುದು. ಅಷ್ಟನ್ನು ಗೋಡೆಗೆ ಅಂಟಿಸಿದ ಕಾಗದವೂ ಮಾಡುತ್ತದೆ, ಅದಕ್ಕೆ ಪೆಟ್ರೋಲೂ ಬೇಡ. ನಾನು ಹಾಗಲ್ಲ. ನಾನು ಒಗ್ಗರಣೆ ಹಾಕಿಯೇ ಬಡಿಸುವವನು.

ಈ ಒಗ್ಗರಣೆಯಿಂದ ಒಮ್ಮೆ ಮಾತ್ರ ಸ್ವಲ್ಪ ಹೊಗೆ ಎದ್ದಿತು. ದೂರದಿಂದ ಒಬ್ಬ ಜಾದೂಗಾರ ಬಂದಿದ್ದ. ಮೈದಾನದ ನಟ್ಟನಡುವೆ ಆನೆಯನ್ನು ಮಾಯ ಮಾಡುತ್ತಾನೆ ಎಂದು ಸಾರಿದೆ. ಪಾಪ, ಅವನ ಪೆಟ್ಟಿಗೆಯಲ್ಲಿದ್ದದ್ದು ನಾಲ್ಕು ಕರವಸ್ತ್ರ, ಒಂದು ಪಾರಿವಾಳ. ಕೈಚಳಕ ಚೆನ್ನಾಗಿಯೇ ಇತ್ತು. ಆದರೆ ಆನೆ ನೋಡಲು ಬಂದ ಕಣ್ಣಿಗೆ ಪಾರಿವಾಳ ಕಂಡೀತೆ? ಜನ ನಗತೊಡಗಿದರು. ಅವನು ಪಾರಿವಾಳವನ್ನು ಟೋಪಿಯಲ್ಲಿ, ಟೋಪಿಯನ್ನು ಪೆಟ್ಟಿಗೆಯಲ್ಲಿ ತುರುಕಿಕೊಂಡು, ಯಾರ ಮುಖವನ್ನೂ ನೋಡದೆ ಬಸ್ಸು ಹತ್ತಿದ. ಊರೆಲ್ಲ ನನ್ನ ಮೇಲೆ ಬಿತ್ತು. ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಆಟ ಮುಗಿದ ಮೇಲೆ ಮೈದಾನದಲ್ಲಿ ಯಾರಾದರೂ ಒಂದು ಆನೆ ತೋರಿಸಲಿ ನೋಡೋಣ.

ಅಂದಿನಿಂದ ಊರು ಒಂದು ಪದ್ಧತಿ ಇಟ್ಟುಕೊಂಡಿತು. ನಾನು ಏನು ಸಾರಿದರೂ ಹತ್ತರಿಂದ ಭಾಗಿಸುವುದು. ಶಾಲೆಯಲ್ಲಿ ಲೆಕ್ಕ ಬಾರದವರಿಗೂ ಈ ಭಾಗಾಕಾರ ಬಾಯಿಪಾಠ. ನೂರು ಅಡಿ ಉದ್ದದ ಕೇಕು ಎಂದು ನಾನು ಕೂಗುತ್ತ ಹೋದರೆ, ಬೇಕರಿಯವ ಹಿಟ್ಟು ನಾದುವ ಕೈ ನಿಲ್ಲಿಸದೆ “ಹತ್ತಡಿ” ಅನ್ನುತ್ತಿದ್ದ. ಆ ಕೇಕು ಮಾಡುತ್ತಿದ್ದವನೇ ಅವನು. ಆದರೂ ನನ್ನ ಬಾಯಿಂದ ಕೇಳಿ ಭಾಗಿಸಿಯೇ ಅಳತೆ ಖಾತ್ರಿ ಮಾಡಿಕೊಳ್ಳುತ್ತಿದ್ದ. ನನಗೆ ‘ಹತ್ತುಪಟ್ಟು’ ಎಂದು ಹೆಸರೂ ಬಿತ್ತು. ಬೇಜಾರೇನಿಲ್ಲ. ಪಕ್ಕದೂರಿನಲ್ಲಿ ಸಾರುವವನೊಬ್ಬನಿದ್ದಾನೆ, ಅವನಿಗೆ ಎರಡು ಪಟ್ಟಿಗೂ ಯೋಗ್ಯತೆಯಿಲ್ಲ. ಅಮ್ಮ ಮಾತ್ರ ಲೆಕ್ಕವನ್ನು ತಿರುಗಿಸಿ ಹಾಕುತ್ತಾಳೆ: ಐದು ನಿಮಿಷದಲ್ಲಿ ಊಟಕ್ಕೆ ಬಂದೆ ಅಂದರೆ ಐವತ್ತು ನಿಮಿಷ ಬಿಟ್ಟು ತಟ್ಟೆ ಇಡುತ್ತಾಳೆ.

ನನ್ನ ನಾಲಿಗೆಗೆ ಈ ಭೂಮಿಯ ಮೇಲೆ ಬ್ರೇಕು ಅಂತ ಒಂದಿದ್ದರೆ ಅದು ನನ್ನಕ್ಕ. ಪೇಟೆ ಬೀದಿಯಲ್ಲಿ ಸಲೂನು ಇಟ್ಟಿದ್ದಾಳೆ. ಎರಡು ಕನ್ನಡಿ, ಮೂರು ಕುರ್ಚಿ, ಬಾಗಿಲ ಹಿಂದೆ ತೂಗುಹಾಕಿದ ಬಿಳಿ ಹೊದಿಕೆಗಳು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರ ತಲೆಯೂ ಅವಳ ಕೈಯಲ್ಲಿ. ನಾನು ಆ ಮೂರನೇ ಕುರ್ಚಿಯಲ್ಲಿ ಕೂತು ಏನಾದರೂ ಹೇಳಲು ಶುರುಮಾಡಿ, ಮಾತು ಸ್ವಲ್ಪ ಉಬ್ಬಿತು ಅನ್ನುವಷ್ಟರಲ್ಲಿ ಅಕ್ಕ ಕತ್ತರಿ ಆಡಿಸುತ್ತಲೇ ತುಟಿ ಮುಂದೆ ಮಾಡಿ ಒಂದು ಸಿಳ್ಳೆ ಹಾಕುತ್ತಾಳೆ. ಟುಯ್. ಅಷ್ಟೇ, ಚಿಕ್ಕದು. ನನ್ನ ಬಾಯಿ ತಾನೇ ಮುಚ್ಚಿಕೊಳ್ಳುತ್ತದೆ. ಚಿಕ್ಕಂದಿನಿಂದ ಹಾಗೆ ಅಭ್ಯಾಸ ಮಾಡಿಸಿಬಿಟ್ಟಿದ್ದಾಳೆ.

ಅವಳು ಚೆನ್ನಾಗಿ ಸಿಳ್ಳೆ ಹಾಕುತ್ತಾಳೆ ಎಂದು ಮನೆಯವರಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಮನೆಯೊಳಗೆ ಸಿಳ್ಳೆ ಹಾಕಿದರೆ ಹಾವು ಬರುತ್ತದೆ ಎಂದು ಅಮ್ಮ ಅವಳನ್ನು ಹೆದರಿಸಿ ಬೆಳೆಸಿದ್ದಳು. ಹಾವೇನೂ ಬರಲಿಲ್ಲ, ಅಮ್ಮನೇ ಸೌಟು ಹಿಡಿದುಕೊಂಡು ಬರುತ್ತಿದ್ದಳು. ಹಾಗಾಗಿ ಅಕ್ಕ ಒಂದು ಉಪಾಯ ಕಂಡುಕೊಂಡಿದ್ದಳು. ಗಿರಾಕಿಯ ತಲೆ ತೊಳೆದು, ಕೂದಲು ಒಣಗಿಸುವ ಡ್ರೈಯರ್ ಹಚ್ಚುತ್ತಾಳಲ್ಲ, ಆ ಗುಂಯ್ ಶಬ್ದದ ಅಡಿಯಲ್ಲಿ ಮೆಲ್ಲಗೆ ಸಿಳ್ಳೆಯಲ್ಲಿ ಹಾಡುತ್ತಿದ್ದಳು. ಯಾರದೋ ಹಾಡಲ್ಲ, ಅವಳೇ ಕಟ್ಟಿದವು. ಡ್ರೈಯರ್ ನಿಂತರೆ ಹಾಡೂ ನಿಲ್ಲುತ್ತಿತ್ತು. ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತವರು ಅದು ಯಂತ್ರದ ಶಬ್ದವೆಂದೇ ನಂಬಿದ್ದರು. ಔಷಧಿ ಅಂಗಡಿಯಮ್ಮ ಅದೇ ಕಂಪನಿಯ, ಅದೇ ಬಣ್ಣದ ಡ್ರೈಯರ್ ತಂದು ಮನೆಯಲ್ಲಿ ಹಚ್ಚಿ, ಇದು ಬರೀ ಬೊಗಳುತ್ತದೆ, ಹಾಡುವುದಿಲ್ಲ ಎಂದು ವಾಪಸು ಕೊಟ್ಟು ಬಂದಿದ್ದರು. ಬೇಕಾದರೆ ಅವರನ್ನೇ ಕೇಳಿ. ಈ ಒಂದು ಸಂಗತಿಯನ್ನು ನಾನು ಹಿಗ್ಗಿಸಿಲ್ಲ.

ಗುಟ್ಟು ಒಡೆದದ್ದು ಸಭಾಭವನದ ಮೇಡಂ ತಲೆಯ ಮೇಲೆ. ಭವನದಲ್ಲಿ ಯಾವ ದಿನ ಯಾರು ವೇದಿಕೆ ಹತ್ತಬೇಕು ಅಂತ ತೀರ್ಮಾನಿಸುವವರು ಅವರೇ. ಒಂದು ಮಧ್ಯಾಹ್ನ ಅವರ ಅರ್ಧ ತಲೆ ಒಣಗಿತ್ತು, ಇನ್ನರ್ಧ ಒದ್ದೆಯಿತ್ತು, ಕರೆಂಟು ಹೋಯಿತು. ಡ್ರೈಯರ್ ನಿಂತಿತು. ಆದರೆ ಹಾಡಿನ ಒಳ್ಳೇ ತಿರುವಿನಲ್ಲಿದ್ದ ಅಕ್ಕನಿಗೆ ತಕ್ಷಣ ನಿಲ್ಲಿಸಲಾಗಲಿಲ್ಲ. ನಾಲ್ಕು ಸ್ವರ ಮುಂದೆ ಹೋಗಿಬಿಟ್ಟಳು. ಮೇಡಂ ಕಣ್ಣು ತೆರೆದು ಕನ್ನಡಿಯಲ್ಲಿ ನೋಡಿದರೆ ಅಕ್ಕನ ತುಟಿ ಇನ್ನೂ ಗುಂಡಗೆ. ಒದ್ದೆ ತಲೆಯಲ್ಲೇ ಎದ್ದು ನಿಂತು ಮೇಡಂ ಹೇಳಿದರಂತೆ: ಬರುವ ಭಾನುವಾರ ಸಂಜೆ ಆರಕ್ಕೆ ಅರ್ಧ ಗಂಟೆ ಖಾಲಿಯಿದೆ, ನೀನೇ ತುಂಬಿಸು. ಜನಕ್ಕೆ ಹಿಡಿಸಿದರೆ ತಿಂಗಳಿಗೊಂದು ಭಾನುವಾರ ನಿನ್ನದೇ. ಹಿಡಿಸದಿದ್ದರೆ ಹಲ್ಲಿನ ಡಾಕ್ಟರು ಸ್ಯಾಕ್ಸೊಫೋನ್ ಹಿಡಿದುಕೊಂಡು ಕಾಯುತ್ತಿದ್ದಾರೆ. ಅವರ ಸ್ಯಾಕ್ಸೊಫೋನು ಕೇಳಿದ ಮೇಲೆ ಹಲ್ಲು ಕೀಳಿಸಿಕೊಳ್ಳುವುದು ಹಿತವೆನ್ನಿಸುತ್ತದೆ ಅಂತ ಊರಲ್ಲಿ ಮಾತಿದೆ.

ಅಂದು ಊಟದ ಹೊತ್ತಿಗೆ ಅಕ್ಕ ಅನ್ನ ಕಲಸುವುದನ್ನೂ ಮರೆತು ಈ ಸುದ್ದಿಯನ್ನು ಎರಡೆರಡು ಸಲ ಹೇಳಿದಳು. ಇಷ್ಟು ವರ್ಷ ಡ್ರೈಯರಿನ ಅಡಿ ಬಚ್ಚಿಟ್ಟುಕೊಂಡಿದ್ದನ್ನು ಬೆಳಕಿಗೆ ತರುವ ಆಸೆ ಅವಳಿಗೆ ಇಷ್ಟಿದೆ ಎಂದು ಆವತ್ತೇ ಗೊತ್ತಾದದ್ದು. ಅಮ್ಮ ತಲೆ ಎತ್ತದೆ, ತಾನು ಬರುವುದಿಲ್ಲ ಎಂದುಬಿಟ್ಟಳು. ಮುಂದೆ ಕೂತವರು ಯಾರಾದರೂ ನಕ್ಕರೆ ಯಾರ್ಯಾರ ಕೆನ್ನೆಗೆ ಹೊಡೆಯಲಿ, ನನಗಿರುವುದು ಎರಡೇ ಕೈ ಅಂತ ಅವಳ ವಾದ. ನಾನು ಆಗಲೇ ಮನಸ್ಸಿನಲ್ಲಿ ಮೈಕು ಹಿಡಿದಾಗಿತ್ತು. ಕೋಗಿಲೆಗಳು ಪಾಠ ಹೇಳಿಸಿಕೊಳ್ಳಲು ಸಾಲು ನಿಲ್ಲುತ್ತವೆ ಅಂತ ಶುರುಮಾಡಿದೆ. ಟುಯ್ ಅಂತು.

“ನನ್ನ ವಿಷಯದಲ್ಲಿ ಒಂದೇ ಒಂದು ಮಾತು ಹೆಚ್ಚಿಗೆ ಸೇರಿಸಿದ್ಯೋ, ನಾನು ವೇದಿಕೆ ಹತ್ತಲ್ಲ,” ಅಂದಳು ಅಕ್ಕ. “ನೀನು ದೊಡ್ಡದು ಮಾಡಿದ್ರೆ ಜನ ದೊಡ್ಡದನ್ನೇ ಹುಡುಕ್ತಾರೆ. ಆ ಪಾರಿವಾಳದವನನ್ನ ನೋಡಿದೀನಿ ನಾನು. ಆಣೆ ಮಾಡು.”

ಆಣೆ ಮಾಡಿದೆ. ನನ್ನಂಥವನಿಂದ ಅಂಥ ಆಣೆ ಮಾಡಿಸುವುದೆಂದರೆ ಮೀನಿಗೆ ಈಜಬೇಡ ಅಂದಂತೆ.

ಮರುದಿನ ಬೆಳಗ್ಗೆ ವ್ಯಾನು ಹೊರಟಿತು. ಆ ವಾರಾಂತ್ಯದ ಕಾರ್ಯಕ್ರಮಗಳು ಒಂದಕ್ಕಿಂತ ಒಂದು ಜೋರು, ಊರಿಗೂರೇ ತುದಿಗಾಲ ಮೇಲೆ ನಿಂತಿತ್ತು. ಶುಕ್ರವಾರ ಸಂಜೆ ಮೈದಾನದಲ್ಲಿ ಬಯಲು ಸಿನಿಮಾ: ಪರದೆ ಎಷ್ಟು ದೊಡ್ಡದೆಂದರೆ ಅದರಲ್ಲಿ ನಾಯಕ ಸೀನಿದರೆ ಕೊನೇ ಸಾಲಿನವರೂ ಛತ್ರಿ ಬಿಚ್ಚಬೇಕು. ಶನಿವಾರ ನಾಯಿಗಳ ವೇಷದ ಸ್ಪರ್ಧೆ: ವೇಷ ಹಾಕಿದ ಮೇಲೆ ಯಜಮಾನ ಯಾರು, ನಾಯಿ ಯಾರು ಎಂದು ತೀರ್ಪುಗಾರರಿಗೇ ತಿಳಿಯುವುದಿಲ್ಲ. ಭಾನುವಾರ ಬೆಳಗ್ಗೆ ಬೇಕರಿಯವರಿಗೂ ಅಂಚೆಯವರಿಗೂ ಫುಟ್‌ಬಾಲ್: ಚೆಂಡು ಆಕಾಶಕ್ಕೆ ಹೋದರೆ ವಿಳಾಸ ಬರೆದು ವಾಪಸು ತರಿಸಬೇಕಾದೀತು. ಕಿಟಕಿಗಳು ತೆರೆದುಕೊಂಡವು, ಮಕ್ಕಳು ವ್ಯಾನಿನ ಹಿಂದೆ ಓಡಿದರು, ಎಲ್ಲ ಬಾಗಿಲಲ್ಲೂ ಭಾಗಾಕಾರ ನಡೆಯಿತು.

ಕೊನೆಗೆ ಅಕ್ಕನ ಸರದಿ ಬಂತು. ನಾಲಿಗೆ ತುದಿಯಲ್ಲಿ ಕೋಗಿಲೆಗಳು ಸಾಲಾಗಿ ನಿಂತಿದ್ದವು. ಅವನ್ನೆಲ್ಲ ನುಂಗಿಕೊಂಡು ಹೇಳಿದೆ: “ಭಾನುವಾರ ಸಂಜೆ ಆರಕ್ಕೆ ಸಭಾಭವನದಲ್ಲಿ ನಮ್ಮಕ್ಕ ಸಿಳ್ಳೆ ಹಾಕ್ತಾಳೆ. ಅರ್ಧ ಗಂಟೆ. ಇಷ್ಟ ಇದ್ದರೆ ಬನ್ನಿ.”

ಪೇಟೆ ಬೀದಿ ಗಪ್‌ಚಿಪ್ ಆಯಿತು. ಜನ ಇನ್ನೂ ಏನೋ ಬರುತ್ತದೆಂದು ಸ್ಪೀಕರಿನತ್ತಲೇ ನೋಡುತ್ತ ನಿಂತರು. ಏನೂ ಬರಲಿಲ್ಲ. ಬೇಕರಿಯವನ ಕೈ ಹಿಟ್ಟಿನಲ್ಲಿ ಮೊದಲ ಬಾರಿಗೆ ನಿಂತಿತು. ಭಾಗಿಸಲು ಏನೂ ಇರಲಿಲ್ಲವಲ್ಲ. ಅಂಗಡಿಯಿಂದ ಹೊರಗೆ ಬಂದು ವ್ಯಾನಿನ ಕಿಟಕಿಯಲ್ಲಿ ತಲೆ ಹಾಕಿದ.

“ಲೋ ಹತ್ತುಪಟ್ಟು, ಹುಷಾರಾಗಿದ್ದೀಯಾ?”

ಹುಷಾರಾಗೇ ಇದ್ದೀನಿ ಅಂದೆ. ಅವನು ನಂಬಲಿಲ್ಲ. ಔಷಧಿ ಅಂಗಡಿಯಮ್ಮ ಬಂದು ನಾಲಿಗೆ ಚಾಚು ಅಂದರು, ನೋಡಿದರು, ಗಂಟಲಿಗೆ ಒಂದು ಮಾತ್ರೆ ಕೊಟ್ಟರು. ಅಕ್ಕನ ಕಾರ್ಯಕ್ರಮದಲ್ಲಿ ಏನು ವಿಶೇಷ ಎಂದು ಕೇಳಿದರು. ಏನೂ ವಿಶೇಷವಿಲ್ಲ ಅಂದೆ. ಇದೇ ತಪ್ಪಾದದ್ದು. ನಾನು ಹುಟ್ಟಿದಾಗಿನಿಂದ ನನ್ನ ಬಾಯಿಂದ ‘ವಿಶೇಷವಿಲ್ಲ’ ಎಂಬ ಮಾತನ್ನು ಯಾರೂ ಕೇಳಿರಲಿಲ್ಲ. ಅವರಿಬ್ಬರೂ ಮುಖ ಮುಖ ನೋಡಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಊರು ಹೊಸ ಲೆಕ್ಕ ಕಂಡುಹಿಡಿದಿತ್ತು. ಇಲಿಯನ್ನು ಹುಲಿ ಮಾಡುವವನು ಹುಲಿಯನ್ನು ಇಲಿ ಅನ್ನಬೇಕಾದರೆ ಏನೋ ಇದೆ. ಇಷ್ಟು ಸಣ್ಣದಾಗಿ ಹೇಳಿದ್ದಾನೆಂದರೆ ಅದು ಹೇಳಲಾಗದಷ್ಟು ದೊಡ್ಡದು. ಭಾಗಿಸುವವರೆಲ್ಲ ಗುಣಿಸಲು ಕೂತರು. ಅಂಚೆಯವರು ಮನೆ ಮನೆಗೆ ಕಾಗದದ ಜೊತೆ ಈ ಗುಣಾಕಾರವನ್ನೂ ಹಂಚಿದರು. ಶುಕ್ರವಾರ ಸಿನಿಮಾದಲ್ಲಿ ನಾಯಕ ನಾಯಕಿಯನ್ನು ಕಾಪಾಡುತ್ತಿದ್ದರೆ, ಕೆಳಗೆ ಚಾಪೆಯ ಮೇಲೆ ಕೂತವರು ಅವಳ ಸಿಳ್ಳೆಗೆ ಗಾಜು ಒಡೆಯುತ್ತದಂತೆ ಅಂತ ಮಾತಾಡುತ್ತಿದ್ದರು. ಶನಿವಾರ ಹುಲಿವೇಷದ ನಾಯಿಯೊಂದು ಕಾರಣವಿಲ್ಲದೆ ಕಿವಿ ನಿಮಿರಿಸಿತು. ಅಲ್ಲಿಗೆ ಆ ಸಿಳ್ಳೆ ಕೇಳಿದರೆ ಪ್ರಾಣಿಗಳು ಎಲ್ಲಿದ್ದರೂ ಬರುತ್ತವೆ ಎಂದು ಸಾಬೀತಾಯಿತು. ಭಾನುವಾರ ಬೆಳಗ್ಗೆ ಫುಟ್‌ಬಾಲಿನ ರೆಫರಿ ಫೌಲಿಗೆ ಸಿಳ್ಳೆ ಊದಿದಾಗಲೆಲ್ಲ ಜನ ಚೆಂಡು ಬಿಟ್ಟು ಭವನದ ಕಡೆ ತಿರುಗಿ ನೋಡಿದರು. ನಾನು ಸಿಕ್ಕಸಿಕ್ಕವರಿಗೆ ಹಾಗೇನೂ ಇಲ್ಲ, ಸುಮ್ಮನೆ ಸಿಳ್ಳೆ ಅಷ್ಟೆ ಅಂದೆ. ಅಂದಷ್ಟೂ ಅವರು ಕಣ್ಣು ಮಿಟುಕಿಸಿದರು.

ಅಕ್ಕ ಈ ಮೂರೂ ದಿನ ಅಂಗಡಿಯ ಬಾಗಿಲು ಹಾಕಿಕೊಂಡು, ಡ್ರೈಯರ್ ಹಚ್ಚಿಟ್ಟು ಅಭ್ಯಾಸದಲ್ಲಿ ಮುಳುಗಿದ್ದಳು, ಅವಳಿಗೆ ಇದ್ಯಾವುದೂ ಮುಟ್ಟಲಿಲ್ಲ.

ಭಾನುವಾರ ಸಂಜೆ ಐದೂವರೆಗೆ ಭವನದ ಮುಂದೆ ಎಷ್ಟು ಜನ ಎಂದರೆ, ಆಕಾಶದಿಂದ ಎಳ್ಳು ಚೆಲ್ಲಿದ್ದರೆ ಒಂದು ಕಾಳೂ ನೆಲ ಮುಟ್ಟುತ್ತಿರಲಿಲ್ಲ. ಭಾಗಿಸಬೇಡಿ, ಇದು ನಿಜ. ಕುರ್ಚಿಗಳು ಮುಗಿದು, ಬೆಂಚುಗಳು ಮುಗಿದು, ಕಿಟಕಿಯ ಕಟ್ಟೆಗಳೂ ಮುಗಿದವು. ಸ್ಯಾಕ್ಸೊಫೋನ್ ಡಾಕ್ಟರು ಬೇರೆ ಯಾವ ಜಾಗವೂ ಸಿಗದೆ ತಮ್ಮ ವಾದ್ಯದ ಪೆಟ್ಟಿಗೆಯ ಮೇಲೇ ಕೂತಿದ್ದರು. ಮೇಡಂ ಕೈ ಕೈ ಉಜ್ಜಿಕೊಳ್ಳುತ್ತ ಓಡಾಡುತ್ತಿದ್ದರು.

ವೇದಿಕೆಯ ಹಿಂದಿನ ಕೋಣೆಯಲ್ಲಿ ಅಕ್ಕ ಪರದೆಯ ಸಂದಿಯಿಂದ ಹೊರಗೆ ನೋಡಿ, ನಿಧಾನವಾಗಿ ನನ್ನತ್ತ ತಿರುಗಿದಳು.

“ಏನ್ ಸಾರಿದೆ?”

“ನೀನು ಹೇಳಿದ್ದೇ. ಒಂದಕ್ಷರ ಹೆಚ್ಚಿಲ್ಲ.”

“ನಿಜ ಹೇಳಿದ್ರೆ ಇಷ್ಟು ಜನ ಬರ್ತಾರೇನೋ?”

“ಅದೇ ನನಗೂ ಆಶ್ಚರ್ಯ, ಅಕ್ಕ. ಮೊದಲೇ ಗೊತ್ತಾಗಿದ್ದಿದ್ರೆ ಎಷ್ಟು ಉಸಿರು ಉಳೀತಿತ್ತು.”

ಅವಳು ನಗಲಿಲ್ಲ. ನಾನೂ ಸಂದಿಯಲ್ಲಿ ಕಣ್ಣಿಟ್ಟೆ. ಮುಂದಿನ ಸಾಲಿನಲ್ಲಿ ಕನ್ನಡಕದ ಅಂಗಡಿಯವ ತನ್ನ ಕನ್ನಡಕ ತೆಗೆದು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಳಿಸುತ್ತಿದ್ದ. ಔಷಧಿ ಅಂಗಡಿಯಮ್ಮ ಅಕ್ಕಪಕ್ಕದವರಿಗೆಲ್ಲ ಹತ್ತಿ ಹಂಚುತ್ತಿದ್ದರು. ಬೇಕರಿಯವ ಗಾಜಿನ ಲೋಟವೊಂದನ್ನು ತಂದು ಎಲ್ಲರಿಗೂ ಕಾಣುವಂತೆ ಮೊಣಕಾಲ ಮೇಲೆ ನಿಲ್ಲಿಸಿಕೊಂಡಿದ್ದ.

“ಗಾಜು ಒಡೆಯೋದನ್ನ ನೋಡೋಕೆ ಬಂದಿದ್ದಾರೆ,” ಅಂದಳು ಅಕ್ಕ. “ನಾನೇನು ಕಲ್ಲಾ? ನನ್ನ ಹತ್ರ ಇರೋದು ಎರಡು ತುಟಿ ಕಣೋ. ಎರಡು ನಿಮಿಷ ಕೇಳಿ ನಗ್ತಾರೆ. ಆ ಪಾರಿವಾಳದವನಿಗಾದ್ರೆ ಹೋಗೋಕೆ ಬೇರೆ ಊರಿತ್ತು. ನಾನು ನಾಳೆ ಬೆಳಗ್ಗೆ ಇವರದ್ದೇ ತಲೆ ಹಿಡೀಬೇಕು.”

ಹೇಳುತ್ತಲೇ ಕೈಚೀಲ ಹೆಗಲಿಗೆ ಹಾಕಿಕೊಂಡು ಹಿಂಬಾಗಿಲತ್ತ ನಡೆದಳು. ಅವಳ ಮುಖ ನೋಡಿದರೆ ಮತ್ತೆ ಈ ಬಾಗಿಲೊಳಗೆ ಕಾಲಿಡುವವಳಲ್ಲ, ಡ್ರೈಯರಿನ ಅಡಿಯಲ್ಲೂ ಇನ್ನು ಹಾಡುವವಳಲ್ಲ ಎಂದು ಗೊತ್ತಾಗುತ್ತಿತ್ತು.

ನನ್ನ ತಲೆ ಸಾಮಾನ್ಯದ್ದಲ್ಲ. ದೊಡ್ಡ ದೊಡ್ಡ ವಿಜ್ಞಾನಿಗಳು ಮೂರು ತಲೆಮಾರು ಕೂತು ಬಿಡಿಸುವ ಲೆಕ್ಕವನ್ನು ಅದು ಆ ಬಾಗಿಲು ಕಿರುಗುಟ್ಟುವಷ್ಟರಲ್ಲಿ ಬಿಡಿಸಿತು. ಜನರ ಆಸೆ ಹತ್ತು ಪಟ್ಟು ಉಬ್ಬಿದೆ. ಅದನ್ನು ಹತ್ತರಿಂದ ಭಾಗಿಸಬೇಕು. ಭಾಗಿಸುವ ಯಂತ್ರ ಈ ಊರಿನಲ್ಲಿ ಒಂದೇ ಒಂದು ಇದೆ, ಅದು ನನ್ನ ಬಾಯಿ. ಪರದೆ ಸರಿಸಿ ವೇದಿಕೆಗೆ ಹಾರಿ ಮೈಕು ಹಿಡಿದೆ.

“ಮಹಾಜನಗಳೇ, ಈಗ ನೀವು ಕೇಳಲಿರುವ ಸಿಳ್ಳೆಗೆ ಗಾಜು ಒಡೆಯುವುದಿರಲಿ, ಒಡೆದ ಗಾಜು ಎದ್ದು ಬಂದು ಕೂಡಿಕೊಳ್ಳುತ್ತದೆ.”

ಸಭೆಯಲ್ಲಿ ಒಂದು ಉಸಿರು ಹೊರಬಿತ್ತು. ಎಲ್ಲರ ತುಟಿಯೂ ಅಲುಗಿತು, ಭಾಗಾಕಾರ ಶುರುವಾಗಿತ್ತು. ನಾನು ಬಿಡಲಿಲ್ಲ. ಸಮುದ್ರದ ಮೀನುಗಳು ಈ ಹಾಡು ಕಲಿಯಲು ನೀರಿಂದ ಆಚೆ ಬಂದು ಟಿಕೆಟ್ಟಿಗೆ ನಿಂತಿವೆ ಅಂದೆ. ಗೋಪುರದ ಗಡಿಯಾರ ಮುಂದೆ ಹೋಗಲು ಒಪ್ಪುತ್ತಿಲ್ಲ, ಆರೂವರೆ ಆದರೆ ಕಾರ್ಯಕ್ರಮ ಮುಗಿಯುತ್ತದೆಂದು ಅದಕ್ಕೆ ಸಂಕಟ ಅಂದೆ. ಕನ್ನಡಕದವ ಕನ್ನಡಕ ಹಾಕಿಕೊಂಡ. ಹತ್ತಿ ಕಿವಿಯಿಂದ ಹೊರಬಂತು. ಬೇಕರಿಯವ ಲೋಟವನ್ನು ಕುರ್ಚಿಯ ಕೆಳಗಿಟ್ಟು, ಓ ಮಾಮೂಲಿ, ಅಷ್ಟೇನಾ ಅಂತ ಪಕ್ಕದವರಿಗೆ ಹೇಳಿದ. ಜನ ಕುರ್ಚಿಗೊರಗಿ ಕಾಲು ಚಾಚಿದರು. ಭಾನುವಾರ ಸಂಜೆ ಜನ ಹೇಗೆ ಕೂರಬೇಕೋ ಹಾಗೆ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಮೂರು ದಿನ ಕಟ್ಟಿಹಾಕಿದ ನಾಲಿಗೆ, ಬಿಚ್ಚಿದ ಮೇಲೆ ಕೇಳುತ್ತದೆಯೇ? ನುಂಗಿದ್ದ ಕೋಗಿಲೆಗಳೆಲ್ಲ ಒಟ್ಟಿಗೆ ಮೇಲೆದ್ದವು. ಚಂದ್ರ ಒಂದು ಕಿವಿಯನ್ನು ಭೂಮಿಯ ಕಡೆ ತಿರುಗಿಸಿ...

ಟುಯ್.

ನನ್ನ ಬಾಯಿ ಮುಚ್ಚಿಕೊಂಡಿತು. ತಿರುಗಿದರೆ ಅಕ್ಕ. ಕೈಚೀಲ ಹೆಗಲಲ್ಲೇ ಇತ್ತು, ಮುಖ ಕೆಂಪಗೆ, ಆಣೆ ಮುರಿದವನಿಗೆ ನಾಲ್ಕು ಬಿಗಿಯಲು ಹಿಂಬಾಗಿಲಿಂದ ಓಡಿ ಬಂದು ವೇದಿಕೆಯ ನಡುವೆ ನಿಂತಿದ್ದಳು. ಆ ಚಿಕ್ಕ ಸಿಳ್ಳೆ ನನ್ನ ಕೈಯಲ್ಲಿದ್ದ ಮೈಕಿಗೆ ಬಿದ್ದು ಇಡೀ ಭವನಕ್ಕೆ ಕೇಳಿತ್ತು. ನನ್ನ ಬಾಯಿ ಮುಚ್ಚಿಸುವುದು ಇಷ್ಟು ವರ್ಷ ಯಾರಿಂದಲೂ ಆಗದ್ದು, ಅದು ಒಂದು ಸ್ವರದಲ್ಲಿ ಆದದ್ದನ್ನು ಊರು ಕಣ್ಣಾರೆ ಕಂಡಿತು. ಹಾಡು ಶುರುವಾಗುವ ಮೊದಲೇ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಹಲ್ಲಿನ ಡಾಕ್ಟರೂ ತಟ್ಟಿದರು.

ಅಕ್ಕ ಜನರನ್ನು ನೋಡಿದಳು, ದೀಪ ನೋಡಿದಳು. ಅವಳ ತುಟಿ ಇನ್ನೂ ಗುಂಡಗೇ ಇತ್ತು. ಅದನ್ನು ಬಿಚ್ಚಲು ಹೊತ್ತೆಲ್ಲಿ? ಆ ಟುಯ್ ಸ್ವರವನ್ನೇ ಹಿಡಿದು, ಅದನ್ನು ಸ್ವಲ್ಪ ಬಾಗಿಸಿ, ಅಲ್ಲಿಂದಲೇ ಮುಂದೆ ಹೋದಳು.

ಮೊದಮೊದಲು ಯಾರೂ ಅಲುಗಾಡಲಿಲ್ಲ. ಆಮೇಲೆ ಒಂದು ವಿಚಿತ್ರ ನೋಡಿದೆ. ಒಬ್ಬೊಬ್ಬರ ಕೈಯೂ ತಂತಾನೇ ತಲೆಗೆ ಹೋಗುತ್ತಿತ್ತು. ಕೂದಲು ಮುಟ್ಟಿಕೊಳ್ಳುತ್ತಿದ್ದರು, ಕಣ್ಣು ಮುಚ್ಚುತ್ತಿದ್ದರು. ಈ ಹಾಡು ಎಲ್ಲೋ ಕೇಳಿದ್ದೇನೆ, ಚೆನ್ನಾಗಿ ಕೇಳಿದ್ದೇನೆ, ಎಲ್ಲಿ ಅಂತ ಮಾತ್ರ ಹೊಳೆಯುತ್ತಿಲ್ಲ ಎಂಬ ಮುಖಗಳು. ಔಷಧಿ ಅಂಗಡಿಯಮ್ಮ ಧಡಕ್ಕನೆ ಎದ್ದು ನಿಂತರು.

“ಅಯ್ಯೋ, ಇದು ಡ್ರೈಯರ್ ಕಣ್ರೀ.”

ಇಡೀ ಭವನ ಒಮ್ಮೆಲೇ ಹೋ ಅಂತು. ಆ ನಗು ಇತ್ತಲ್ಲ, ಅದು ಪಾರಿವಾಳದವನ ಕಡೆ ಹೋದ ನಗೆಯಲ್ಲ; ಕಳೆದ ಉಂಗುರ ಬೆರಳಲ್ಲೇ ಸಿಕ್ಕಾಗ ನಗುತ್ತಾರಲ್ಲ, ಅದು. ಇಷ್ಟು ವರ್ಷ ಪ್ರತಿಯೊಬ್ಬರೂ ಒಬ್ಬೊಬ್ಬರಾಗಿ, ಒದ್ದೆ ತಲೆಯಲ್ಲಿ ಕೇಳಿದ್ದನ್ನು ಈಗ ಒಟ್ಟಿಗೆ ಕೂತು ಕೇಳುತ್ತಿದ್ದರು. ಅಕ್ಕನೂ ನಕ್ಕಳು, ನಕ್ಕಿದ್ದಕ್ಕೆ ಒಂದು ಸ್ವರ ತಪ್ಪಿತು, ತಪ್ಪಿದಲ್ಲಿಂದ ಇನ್ನೊಂದು ದಾರಿ ಹಿಡಿದಳು, ಅದು ಮೊದಲಿನದಕ್ಕಿಂತ ಚೆನ್ನಾಗಿತ್ತು.

ಮಿಕ್ಕ ಹಾಡುಗಳು ಹೇಗಿದ್ದವು ಎಂದು ನಾನು ಹೇಳುವುದಿಲ್ಲ. ಹೇಳಿದರೆ ನೀವು ಭಾಗಿಸುತ್ತೀರಿ. ಅದನ್ನು ಭಾಗಿಸಲು ನಾನು ಬಿಡುವವನಲ್ಲ.

ಬರುವುದಿಲ್ಲ ಎಂದಿದ್ದ ಅಮ್ಮ ಕೊನೇ ಸಾಲಿನಲ್ಲಿ, ಬಾಗಿಲ ಪಕ್ಕ, ಎರಡೂ ತೋಳೇರಿಸಿಕೊಂಡು ತಯಾರಾಗಿ ನಿಂತಿದ್ದಳು. ಹೊಡೆಯಲು ಒಂದು ಕೆನ್ನೆಯೂ ಸಿಗಲಿಲ್ಲ. ಮನೆಗೆ ನಡೆದು ಹೋಗುವಾಗ ಅಕ್ಕನಿಗೆ, ಮೂರನೇ ಹಾಡಿನಲ್ಲಿ ಉಸಿರು ಸಾಲಲಿಲ್ಲ, ಮುಂದಿನ ಸಲ ಬಿಸಿನೀರು ಕುಡಿದು ಹೋಗು ಅಂದಳು. ಆಮೇಲೆ ನನ್ನ ಬೆನ್ನಿಗೊಂದು ಗುದ್ದಿದಳು.

“ನನ್ನ ಮಗಳ ವಿಷಯ ಅಷ್ಟು ಕಮ್ಮಿ ಯಾಕೋ ಸಾರಿದೆ?”

ಮೇಡಂ ಆಡಿದ ಮಾತಿಗೆ ತಪ್ಪಲಿಲ್ಲ. ತಿಂಗಳಿಗೊಂದು ಭಾನುವಾರ ಅಕ್ಕನದ್ದಾಯಿತು. ಆದರೆ ಮುಂದಿನ ಕಾರ್ಯಕ್ರಮ ಸಾರುವ ದಿನ ಬಂದಾಗ ನಾನು ಸ್ಟೀರಿಂಗ್ ಹಿಡಿದು ಸುಮ್ಮನೆ ಕೂತೆ. ಹೆಚ್ಚಿಸಿ ಹೇಳಿದರೆ ಜನ ಭಾಗಿಸುತ್ತಾರೆ, ಇದ್ದಂತೆ ಹೇಳಿದರೆ ಗುಣಿಸುತ್ತಾರೆ. ಇತಿಹಾಸದಲ್ಲಿ ಇಂಥ ಇಕ್ಕಟ್ಟಿಗೆ ಸಿಕ್ಕ ಗಂಟಲು ಇನ್ನೊಂದಿಲ್ಲ. ಅಕ್ಕ ಸಲೂನಿನ ಬಾಗಿಲು ಎಳೆದು ಬಂದು ನನ್ನ ಪಕ್ಕ ಹತ್ತಿ ಕೂತಳು.

“ಮೈಕ್ ಕೊಡಿಲ್ಲಿ,” ಅಂದಳು. “ನೀನು ಗಾಡಿ ಓಡಿಸು.”

ಆವತ್ತು ಪೇಟೆ ಬೀದಿಯಲ್ಲಿ ವಾರ, ಹೊತ್ತು, ಜಾಗ ಯಾರೂ ಹೇಳಲಿಲ್ಲ. ಸ್ಪೀಕರಿನಿಂದ ಹಾಡು ಮಾತ್ರ ಬಂತು. ಒಂದಾದ ಮೇಲೊಂದು ಕಿಟಕಿ ತೆರೆಯಿತು. ಬೇಕರಿಯವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಂತ, ಏನನ್ನೂ ಲೆಕ್ಕ ಹಾಕದೆ. ಔಷಧಿ ಅಂಗಡಿಯಮ್ಮ ಬಾಗಿಲಲ್ಲಿ ನಿಂತು, ಭಾನುವಾರ ಆರಕ್ಕೇ ತಾನೇ ಎಂದು ಕೈಸನ್ನೆಯಲ್ಲಿ ಕೇಳಿದರು. ಅಕ್ಕ ಹಾಡು ನಿಲ್ಲಿಸದೆ ತಲೆಯಾಡಿಸಿದಳು.

ಇನ್ನು ನಾನು ಗಾಡಿ ಓಡಿಸಿದ್ದರ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಆ ದಿನ ನಾನು ಆ ಹಳದಿ ವ್ಯಾನನ್ನು ಎಷ್ಟು ನಾಜೂಕಾಗಿ ಓಡಿಸಿದೆ ಎಂದರೆ, ಚಕ್ರಗಳು ನೆಲವನ್ನು ಮುಟ್ಟಲೇ ಇಲ್ಲ. ಬೀದಿಯೇ ನಾಚಿಕೊಂಡು ಎರಡು ಅಡಿ ಕೆಳಗೆ...

ಟುಯ್.